ತೇವ ಕಳೆದು ಎಷ್ಟಾಯಿತು?

ಮನೆಯಲ್ಲಿರುವ ತೂಕದ ಮಷಿನು 120ರ ತನಕ ಹೋಗಿ ನಿಂತುಬಿಡುತ್ತದೆ. ನಾನು ಹತ್ತಿ ನಿಂತರೆ ಅದರ ಮುಳ್ಳು ಒಂದಿಷ್ಟು ಹೊತ್ತು ಒದ್ದಾಡಿ, ಕೊನೆಯ ಗೀಟಿಗೆ ತಲೆ ಆನಿಸಿ, ಇನ್ನು ನನ್ನ ಕೈಲಾಗದಪ್ಪಾ ಎಂದು ಸುಮ್ಮನಾಗುತ್ತದೆ. ಬೆಂಗಳೂರಿನ ಆಸ್ಪತ್ರೆಯ ಹುಡುಗಿ ಫೋನಿನಲ್ಲಿ, ‘ಬರೋಕೆ ಮುಂಚೆ ಸರಿಯಾದ ತೂಕ ನೋಡಿ ತಿಳಿಸಿ ಸಾರ್’ ಅಂದಳು. ಸರಿಯಾದ ತೂಕ ಬೇಕೆಂದರೆ ನಮ್ಮ ಸೀಮೆಯಲ್ಲಿ ಇರುವುದು ಒಂದೇ ಜಾಗ, ಆದೋನಿಯ ಹತ್ತಿ ಮಾರ್ಕೆಟ್ಟು. ಅಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಮಧ್ಯಾಹ್ನ ಜನ ಕಡಿಮೆ ಇರುವ ಹೊತ್ತು ನೋಡಿ ಹೋದೆ. ಆದರೆ ನವೆಂಬರಿನಲ್ಲಿ ಆದೋನಿ ಮಾರ್ಕೆಟ್ಟಿನಲ್ಲಿ ಜನ ಕಡಿಮೆ ಇರುವ ಹೊತ್ತು ಅಂತ ಒಂದಿಲ್ಲ.

ಚೆಪ್ಪಲಿ ಬಿಟ್ಟು, ಜೇಬಿನ ಫೋನು, ಕನ್ನಡಕದ ಡಬ್ಬಿ ಎಲ್ಲಾ ಶಿಷ್ಯನ ಕೈಗೆ ಕೊಟ್ಟು, ದೇವರ ಗುಡಿಯ ಹೊಸ್ತಿಲು ದಾಟುವವನಂತೆ ಕಾಟಾದ ಹಲಗೆಯ ಮೇಲೆ ಕಾಲಿಟ್ಟೆ. ಹಮಾಲಿಯೊಬ್ಬ ಅಂಕಿ ನೋಡಿ, ರೂಢಿಯ ದನಿಯಲ್ಲಿ ಕೂಗಿಯೇ ಬಿಟ್ಟ: ‘ಒಂದು ಕ್ವಿಂಟಲ್ ಇಪ್ಪತ್ತೆರಡು! ತೇವ ಎಷ್ಟು ಕಳೀಲಿ ಮೇಷ್ಟ್ರೆ?’

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಹತ್ತಿಯ ಗಂಧ ಗೊತ್ತಿಲ್ಲದವರಿಗೆ ಈ ನಗೆ ತಿಳಿಯಲಿಕ್ಕಿಲ್ಲ. ಭಾರತೀಯ ಹತ್ತಿ ನಿಗಮದವರು ಪೂರ್ತಿ ಬೆಂಬಲ ಬೆಲೆ ಕೊಡುವುದು ಹತ್ತಿಯಲ್ಲಿ ತೇವ ನೂರಕ್ಕೆ 8ರೊಳಗೆ ಇದ್ದರೆ ಮಾತ್ರ. ಅಲ್ಲಿಂದ 12ರ ತನಕ ಬೆಲೆ ಕಡಿಯುತ್ತ ಹೋಗುತ್ತಾರೆ, 12 ದಾಟಿದರೆ ಮುಟ್ಟುವುದೇ ಇಲ್ಲ. ರೈತ ರಾತ್ರಿಯೆಲ್ಲ ಚಳಿಯಲ್ಲಿ ಗಾಡಿಯ ಪಕ್ಕ ಮಲಗಿ ತಂದ ಮಾಲು ಮಂಜಿಗೆ ಒದ್ದೆಯಾಗಿ, ಬೆಳಿಗ್ಗೆ ಅದೇ ತೇವ ಅವನ ಮೇಲೆ ಸಾಕ್ಷಿ ಹೇಳುತ್ತದೆ. ತೂಕಕ್ಕೂ ಬೆಲೆಗೂ ಇರುವ ನಂಟು ಅಷ್ಟು ನೇರವಲ್ಲ. ಇನ್ನು ಜಿನ್ನಿಂಗಿಗೆ ಹಾಕಿದರೆ ನೂರು ಕೆ.ಜಿ. ಹತ್ತಿಯಲ್ಲಿ ಅರಳೆ ಹೊರಡುವುದು ಮೂವತ್ತನಾಲ್ಕೋ ಮೂವತ್ತೈದೋ ಕೆ.ಜಿ. ಮಿಕ್ಕಿದ್ದೆಲ್ಲ ಬಹುಪಾಲು ಬೀಜ. ನನ್ನ ಒಂದು ಕ್ವಿಂಟಲ್ ಇಪ್ಪತ್ತೆರಡರಲ್ಲಿ ಮೇಷ್ಟ್ರು ಎಷ್ಟು, ಬೀಜ ಎಷ್ಟು, ತೇವ ಎಷ್ಟು ಎಂದು ಬಸ್ಸಿನಲ್ಲಿ ಕೌತಾಳಂ ಮುಟ್ಟುವ ತನಕ ಯೋಚಿಸಿದೆ. ಬಸ್ಸಿನಲ್ಲಿ ಇಬ್ಬರ ಸೀಟು ಹಿಡಿದು ಕೂತಿದ್ದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲಿ ನಾನು ಮಾಡಿಸಿಕೊಳ್ಳಬೇಕೆಂದಿದ್ದ, ತೂಕ ಇಳಿಸುವ ಆಪರೇಷನ್ನಿಗೆ ಹೆಸರೇನೋ ಇದೆ, ಬೇರಿಯಾಟ್ರಿಕ್ ಸರ್ಜರಿ. ಆದರೆ ಆ ಹೆಸರು ಕೌತಾಳಂನಲ್ಲಿ ನಡೆಯುವುದಿಲ್ಲ. ನಮ್ಮೂರಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡರ ಜೊತೆ ಉರ್ದು. ದರ್ಗಾದ ಸ್ವಾಮಿಗೇ ಖಾದರ್ ಲಿಂಗ ಎಂದು ಹೆಸರಿಟ್ಟ ಊರು ನಮ್ಮದು, ಇಲ್ಲಿ ಯಾವ ಮಾತೂ ಒಂದೇ ಭಾಷೆಯಲ್ಲಿ ನಿಲ್ಲುವುದಿಲ್ಲ. ಹೀಗಾಗಿ ನನ್ನ ಆಪರೇಷನ್ನು ಒಂದೇ ದಿನದಲ್ಲಿ ‘ಹೊಟ್ಟೆ ಕೊಯ್ಸೋದು’ ಆಯಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಎದುರು ಮನೆಯ ತೆಲುಗಿನ ಹೆಂಗಸು ಅದನ್ನು ತನ್ನ ಮಾತಿಗೆ ತಿರುಗಿಸಿಕೊಂಡು, ಅವ್ವನ ಮುಂದೆ ‘ಕಡುಪು ಕೋತ’ ಅಂದುಬಿಟ್ಟಳು. ಕಡುಪು ಅಂದರೆ ಹೊಟ್ಟೆ, ಕೋತ ಅಂದರೆ ಕೊಯ್ತ. ಅರ್ಥ ಸರಿಯಾಗಿಯೇ ಇದೆ. ಆದರೆ ತೆಲುಗಿನಲ್ಲಿ ಕಡುಪು ಕೋತ ಅನ್ನುವುದು ಹೆತ್ತ ಮಗ ಸತ್ತಾಗ ತಾಯಿಗೆ ಆಗುವ ಸಂಕಟಕ್ಕೆ. ಅವ್ವ ಎಂಬತ್ತು ವರ್ಷ ಎರಡೂ ಭಾಷೆಯಲ್ಲಿ ಬಾಳಿದವಳು. ಅಂಗಳದಲ್ಲಿ ಕೇರುತ್ತಿದ್ದ ಮೊರ ಕೆಳಗಿಟ್ಟು ಒಳಗೆ ಹೋದವಳು, ಆ ದಿನ ಸಂಜೆಯ ತನಕ ಯಾರ ಜೊತೆಗೂ ಮಾತಾಡಲಿಲ್ಲ.

ಇಷ್ಟಕ್ಕೂ ನನ್ನ ಗಾತ್ರ ನಮ್ಮ ಮನೆಯಲ್ಲಿ ಯಾವತ್ತೂ ಕಾಯಿಲೆ ಆಗಿರಲಿಲ್ಲ, ಸಾಧನೆ ಆಗಿತ್ತು. ನಮ್ಮ ಕಡೆ ನೆಂಟರ ಮನೆಗೆ ಹೋದರೆ ಮೊದಲ ಮಾತೇ ‘ಯಾಕ ಸೊರಗೀಯಪ್ಪಾ?’ ಅನ್ನುವುದು. 122 ಕೆ.ಜಿ. ಇರುವವನಿಗೂ ಇದೇ ಮಾತು. ಕಳೆದ ಶ್ರಾವಣದಲ್ಲಿ ಉರುಕುಂದ ಈರಣ್ಣಸ್ವಾಮಿಯ ಜಾತ್ರೆಗೆ ಹೋದಾಗ ದೊಡ್ಡಮ್ಮ ನನ್ನ ಗಲ್ಲ ಹಿಡಿದು, ‘ಹೆಂಡ್ತಿ ಊಟಕ್ಕ ಹಾಕ್ತಾಳೋ ಇಲ್ಲೋ’ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಐವತ್ನಾಲ್ಕು ಕೆ.ಜಿ. ‘ತುಂಬಿಕೊಂಡಿದೀಯ’ ಅಂದರೆ ಹೊಗಳಿಕೆ, ‘ಇಳಿದುಹೋಗಿದೀಯ’ ಅಂದರೆ ಮರುಕ. ಇಳಿಯುವುದು ಎಂಬ ಪದಕ್ಕೆ ನಮ್ಮಲ್ಲಿ ಒಳ್ಳೆಯ ಅರ್ಥ ಇರುವುದು ಎರಡೇ ಕಡೆ, ಬಸ್ಸು ಮತ್ತು ಜ್ವರ.

ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಮಾತ್ರೆ ಮೂರಾಗಿ, ಇನ್ಸುಲಿನ್ ಬಂತು. ಮೊಣಕಾಲು ಹೋಯಿತು. ವಾಕಿಂಗ್ ಮಾಡಿದೆ, ಕೆಳಕಾಲುವೆಯ ದಂಡೆಯ ಮೇಲೆ ನಡೆದೂ ನಡೆದೂ ನಾಯಿಗಳು ಪರಿಚಯವಾದವು, ತೂಕ ಇಳಿಯಲಿಲ್ಲ. ಒಂದು ವರ್ಷ ಅನ್ನ ಬಿಟ್ಟೆ, ಇನ್ನೊಂದು ವರ್ಷ ರೊಟ್ಟಿ ಬಿಟ್ಟು ಅನ್ನ ಹಿಡಿದೆ. ಒಮ್ಮೆ ಹದಿನೊಂದು ಕೆ.ಜಿ. ಇಳಿದು, ಮರುವರ್ಷ ಹದಿನಾಲ್ಕು ಏರಿದೆ. ಬಡ್ಡಿ ಸಮೇತ ವಸೂಲಿ. ಬೆಳಗಿನ ಒಗ್ಗರಣೆ ಮಿರ್ಚಿಯನ್ನಂತೂ ಬಿಟ್ಟೇ ಬಿಟ್ಟೆ ಎಂದು ಮನೆಯಲ್ಲಿ ಹೇಳಿದ್ದೆ. ಆದೋನಿಯ ತೆಲುಗಿನವರು ಅದನ್ನೇ ಉಗ್ಗಾಣಿ ಬಜ್ಜಿ ಅನ್ನುತ್ತಾರೆ, ಬೇರೆ ಹೆಸರಿನದನ್ನು ತಿಂದರೆ ಆಣೆ ಮುರಿದಂತಾಗುವುದಿಲ್ಲ ಎಂಬುದು ನನ್ನ ವಾದ.

ಬಳ್ಳಾರಿಯ ಡಾಕ್ಟರು ಕಾಗದದ ಮೇಲೆ ಲೆಕ್ಕ ಹಾಕಿದರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕ, ಬಿ.ಎಂ.ಐ. ನನ್ನದು 43 ದಾಟಿತ್ತು. ಗಣಿತದ ಮೇಷ್ಟ್ರಾದ ನನಗೆ ಈ ಸೂತ್ರದ ಮೇಲೆ ಮೊದಲಿನಿಂದ ಒಂದು ಗುಮಾನಿ. ಇದನ್ನು ಕಟ್ಟಿದವನು ವೈದ್ಯನೇ ಅಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಖಗೋಳ ಪಂಡಿತ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂದು ಹುಡುಕುತ್ತ ಕಂಡುಕೊಂಡದ್ದು. ನಕ್ಷತ್ರ ಎಣಿಸುವವನು ನನ್ನ ಹೊಟ್ಟೆ ಎಣಿಸಿದ್ದು ಎಷ್ಟು ಸರಿ? ಅದಕ್ಕೆ ಈಗಿನ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿಯಿಂದ.

ನನ್ನ ಗುಮಾನಿಗೆ ಡಾಕ್ಟರು ಕೊಟ್ಟ ಉತ್ತರ ನನಗೇ ತಿರುಗುಬಾಣವಾಯಿತು. ಪುಣೆಯಲ್ಲಿ ಯಾಜ್ಞಿಕ್ ಎಂಬ ವೈದ್ಯರಿದ್ದಾರೆ. ಅವರೂ ಯುಡ್ಕಿನ್ ಎಂಬ ಬ್ರಿಟನ್ನಿನ ವೈದ್ಯರೂ ಪಕ್ಕ ಪಕ್ಕ ನಿಂತ ಫೋಟೋ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿ.ಎಂ.ಐ.ಯೂ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಅಳೆದರೆ ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2. ಒಂದೇ ತೂಕದ ಎರಡು ಅಂಡಿಗೆ ಹತ್ತಿ, ಒಂದರಲ್ಲಿ ಅರಳೆ ಜಾಸ್ತಿ, ಇನ್ನೊಂದರಲ್ಲಿ ಬೀಜ ಜಾಸ್ತಿ! ನಮ್ಮ ದೇಶದವರ ಮೈ ನೋಡಲು ಸಣಕಲಾದರೂ ಒಳಗೆ ಕೊಬ್ಬು ಕೂಡಿಡುತ್ತದೆ. ಅದಕ್ಕೇ ಈ ಆಪರೇಷನ್ನಿಗೆ ನಮ್ಮವರ ಗೆರೆಯನ್ನು ಪಶ್ಚಿಮದವರಿಗಿಂತ ಕೆಳಗೆ ಎಳೆದಿದ್ದಾರೆ. ಅಮೆರಿಕದಲ್ಲಿ 1991ರಲ್ಲಿ ಹಾಕಿದ ಗೆರೆ 40, ಸಕ್ಕರೆಯಂಥ ಕಾಯಿಲೆ ಇದ್ದರೆ 35. ನಮ್ಮ ಸರ್ಜನ್ನರು ಅದನ್ನೇ 37.5 ಮತ್ತು 32.5 ಮಾಡಿಕೊಂಡರು. ನಾನು ಯಾವ ದೇಶದ ಗೆರೆಯಲ್ಲಿ ನೋಡಿದರೂ ಪಾಸು.

ಮನೆಯಲ್ಲಿ ಸಭೆ ಸೇರಿತು. ಮೊದಲು ಬಂದವನು ಸೋದರಮಾವ, ಹೊಳಗುಂದಿಯಿಂದ. ಬರುವಾಗಲೇ ಕೇಸು ತಯಾರು ಮಾಡಿಕೊಂಡು ಬಂದಿದ್ದ. ‘ಆ ಸೀರಿಯಲ್ ಹುಡುಗಿ ಏನಾತು? ಕೊಬ್ಬು ತೆಗ್ಸೋಕೆ ಹೋಗಿ ಹೆಣ ಆಗಿ ಬರ್ಲಿಲ್ಲೇನು?’ ಅವನು ಹೇಳುತ್ತಿದ್ದುದು ಚೇತನಾ ರಾಜ್ ಬಗ್ಗೆ. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ಮಾಡುತ್ತಿದ್ದ ಇಪ್ಪತ್ತೊಂದು ವರ್ಷದ ಹುಡುಗಿ, 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಆಪರೇಷನ್ ಮಾಡಿಸಿಕೊಂಡು ತೀರಿಹೋದಳು. ಇದರ ಬೆನ್ನಿಗೆ ಅಕ್ಕ ತೆಲುಗಿನ ಆರತಿ ಅಗರ್ವಾಲ್‌ಳನ್ನು ನೆನಪಿಸಿದಳು. ನಮ್ಮೂರ ಟೆಂಟಿನಲ್ಲಿ ಆಕೆಯ ಸಿನಿಮಾ ನೋಡಿ ಬೆಳೆದವಳು ಅಕ್ಕ. 2015ರ ಜೂನಿನಲ್ಲಿ ಅಮೆರಿಕದಲ್ಲಿ ಆಕೆ ತೀರಿಕೊಂಡಾಗ ಒಂದು ದಿನ ಒಲೆ ಹಚ್ಚಿರಲಿಲ್ಲ. ಆಕೆಯೂ ಅದಕ್ಕೆ ಕೆಲವು ವಾರ ಮುಂಚೆ ಕೊಬ್ಬು ತೆಗೆಸಿಕೊಂಡಿದ್ದಳು.

ನಾನು ಮೇಷ್ಟ್ರ ದನಿಯಲ್ಲಿ ಬಿಡಿಸಿ ಹೇಳಿದೆ. ಅದು ಲೈಪೋಸಕ್ಷನ್, ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆ ಹಾಕಿ ಹೀರುವುದು, ಚೆಲುವಿಗಾಗಿ ಮಾಡಿಸುವಂಥದು. ಅದರಿಂದ ಸಕ್ಕರೆ ಕಾಯಿಲೆ ಇಳಿಯುವುದಿಲ್ಲ, ಹಸಿವೂ ಕಡಿಮೆಯಾಗುವುದಿಲ್ಲ. ನನ್ನದು ಜಠರದ ಆಪರೇಷನ್. ಕಣಜದ ಕಾಳು ತೆಗೆಯುವುದು ಒಂದು, ಕಣಜವನ್ನೇ ಸಣ್ಣದು ಮಾಡುವುದು ಇನ್ನೊಂದು. ಮಾವ ಎಲೆಯಡಿಕೆ ಅಗಿಯುತ್ತ ಕೇಳಿಸಿಕೊಂಡು, ‘ಕಾಳು ತೆಗ್ದದ್ದಕ್ಕೇ ಸತ್ರು, ನೀನು ಕಣಜಾನೇ ಒಡೀತೀನಿ ಅಂತೀಯ’ ಅಂದ. ಹಳ್ಳಿಯಲ್ಲಿ ಉಪಮಾನ ಕೊಡುವಾಗ ಎಚ್ಚರವಿರಬೇಕು.

ಆ ಸೀರಿಯಲ್ ಹುಡುಗಿಯ ವಿಷಯದಲ್ಲಿ ನನ್ನನ್ನು ಕಾಡಿದ್ದು ಬೇರೆಯೇ. ಅಪ್ಪ ಅಮ್ಮನಿಗೆ ತಿಳಿಸದೆ ಆಸ್ಪತ್ರೆಗೆ ಹೋಗಿದ್ದಳು ಎಂದು ಆಗ ಪತ್ರಿಕೆಯಲ್ಲಿ ಓದಿದ್ದೆ. ನಾನೂ ಹಾಗೇ ಮಾಡುವವನಿದ್ದೆ. ಮಂತ್ರಾಲಯದಲ್ಲಿ ಮೂರು ದಿನ ಸೇವೆ ಇದೆ ಎಂದು ಸುಳ್ಳು ಹೇಳಿ, ಸೀದಾ ಬೆಂಗಳೂರಿಗೆ ಹೋಗಿ, ಕೊಯ್ಸಿಕೊಂಡು ಬರುವುದು. ರಾಯರು ಕ್ಷಮಿಸಿಯಾರು ಎಂಬ ಧೈರ್ಯವಿತ್ತು. ಆ ಸುದ್ದಿ ನೆನಪಾಗಿ ಕೈ ಬಿಟ್ಟೆ. ಹೇಳಿಯೇ ಹೋಗಬೇಕು ಎಂದುಕೊಂಡೆ. ಹೇಳಿದ್ದಕ್ಕೆ ಶಿಕ್ಷೆಯಾಗಿ ಒಂದು ತಿಂಗಳು ಮನೆ ಅಸೆಂಬ್ಲಿ ಆಯಿತು.

ನಿತಿನ್ ಗಡ್ಕರಿ 2011ರಲ್ಲಿ ಮಾಡಿಸಿಕೊಂಡಿದ್ದಾರೆ, ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ ಅಂದೆ. ಭಾಮೈದ ಅರುಣ್ ಜೇಟ್ಲಿಯ ಹೆಸರು ತೆಗೆದ. ಅವರು 2014ರಲ್ಲಿ, ಮಂತ್ರಿಯಾದ ಕೆಲವೇ ತಿಂಗಳಿಗೆ, ಸಕ್ಕರೆ ಕಾಯಿಲೆಗೆಂದು ಮಾಡಿಸಿಕೊಂಡರು, ಐದು ವರ್ಷದ ಮೇಲೆ ತೀರಿಕೊಂಡರು. ನಡುವೆ ಕಿಡ್ನಿ ಕಸಿಯಾಗಿತ್ತು, ಬೇರೆ ಕಾಯಿಲೆಗಳಿದ್ದವು ಅಂದರೆ ಅವನು ಒಪ್ಪುವುದಿಲ್ಲ. ಆಮೇಲೆ ಮುಂಬೈಗೆ ವಿಮಾನದಲ್ಲಿ ತಂದ ಈಜಿಪ್ಟಿನ ಹೆಂಗಸು, ಎಮಾನ್ ಅಹ್ಮದ್, ಐನೂರು ಕೆ.ಜಿ. ಎಂದು 2017ರಲ್ಲಿ ಟಿ.ವಿ.ಯವರು ತಿಂಗಳುಗಟ್ಟಲೆ ತೋರಿಸಿದ್ದರಲ್ಲ, ಅವಳೂ ಆ ವರ್ಷವೇ ಅಬುಧಾಬಿಯಲ್ಲಿ ತೀರಿಕೊಂಡಳು ಅಂದ. ಮನೆಯಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಯಾರ ಹತ್ತಿರ ಸತ್ತವರ ಪಟ್ಟಿ ಉದ್ದ ಇದೆ ಎಂಬುದರ ಮೇಲೆ. ಬದುಕಿದವರು ಸುದ್ದಿಯಾಗುವುದಿಲ್ಲ. ಸ್ವೀಡನ್ನಿನಲ್ಲಿ 1987ರಿಂದ ಆಪರೇಷನ್ ಮಾಡಿಸಿಕೊಂಡ ಎರಡು ಸಾವಿರ ಜನರನ್ನೂ ಮಾಡಿಸಿಕೊಳ್ಳದ ಅಷ್ಟೇ ಜನರನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು, ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂದು ಕಂಡಿತು. ಈ ಮಾತು ಹೇಳಿದರೆ ಮಾವ, ‘ಸ್ವೀಡನ್ನು ಎಲ್ಲಿ ಬರ್ತೈತಿ? ಗುಂತಕಲ್ ದಾಟಿದ ಮ್ಯಾಲೋ?’ ಅಂದ.

ಔಷಧದಂಗಡಿ ಇಟ್ಟಿರುವ ಅಕ್ಕನ ಮಗ ಮಾತ್ರ ಹೊಸ ದಾರಿ ತೋರಿಸಿದ. ‘ಮಾವಾ, ಕೊಯ್ಸೋದ್ಯಾಕ? ವಾರಕ್ಕ ಒಂದು ಇಂಜೆಕ್ಷನ್ ಬಂದೈತಿ.’ ಬಂದಿರುವುದು ನಿಜ. 2025ರ ಮಾರ್ಚಿನಲ್ಲಿ ಮೌಂಜಾರೋ, ಜೂನಿನಲ್ಲಿ ವೆಗೋವಿ ನಮ್ಮ ದೇಶದ ಅಂಗಡಿಗೆ ಬಂದವು. ಹಸಿವು ಅಡಗಿಸುತ್ತವೆ, ತೂಕವೂ ಚೆನ್ನಾಗಿ ಇಳಿಯುತ್ತದೆ. ನಿಲ್ಲಿಸಿದರೆ ಮಾತ್ರ ಇಳಿದದ್ದರಲ್ಲಿ ದೊಡ್ಡ ಪಾಲು ವರ್ಷದೊಳಗೆ ವಾಪಸು. ತಿಂಗಳಿಗೆ ಇಷ್ಟು ಸಾವಿರ ಎಂದು ಬದುಕಿರುವ ತನಕ ಕಟ್ಟುವ ಬಾಡಿಗೆ. ಬಾಡಿಗೆ ಮನೆಯೋ ಸ್ವಂತ ಮನೆಯೋ ಎಂಬ ಹಳೆಯ ಜಗಳವೇ ಇಲ್ಲೂ. ಹುಡುಗನ ಅಂಗಡಿಯ ವ್ಯಾಪಾರವೂ ಇದರಲ್ಲಿ ಸೇರಿದೆ ಎಂದು ನನಗೆ ಅನ್ನಿಸಿತು, ಬಾಯಿಬಿಟ್ಟು ಅನ್ನಲಿಲ್ಲ.

ಅವ್ವ ಸಭೆಯಲ್ಲಿ ಕೂರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಬಡಿಯುತ್ತ ಇರುತ್ತಿದ್ದಳು. ನಾನು ಆಪರೇಷನ್ ಪರ ಮಾತಾಡಿದಾಗ ಬಡಿತ ಜೋರಾಗುತ್ತಿತ್ತು. ಅವಳದ್ದು ಒಂದೇ ಮಾತು: ‘ಉಣ್ಣಾಕ ಐತಿ, ಉಣ್ಣಬ್ಯಾಡ ಅಂತ ಹೊಟ್ಟಿ ಕೊಯ್ಸಿಕೊಂತಾರೇನು ಯಾರಾದ್ರು?’

ಇದನ್ನು ತಿಳಿಗೇಡಿತನ ಅನ್ನುವವರು ನಮ್ಮ ಸೀಮೆಯ ಚರಿತ್ರೆ ಓದಿಲ್ಲ. ಅವ್ವ ಏಳು ವರ್ಷದವಳಿದ್ದಾಗ, 1952ರಲ್ಲಿ, ಬರ. ಆಗ ಆದೋನಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, ಮದ್ರಾಸಿನ ಸರ್ಕಾರ. ಮರುವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾಗಿ, ಬಳ್ಳಾರಿ ಮೈಸೂರಿಗೆ, ಆದೋನಿ, ಆಲೂರು, ರಾಯದುರ್ಗ ಇತ್ತ ಹರಿದು ಬಂದವು. ಅವ್ವನಿಗೆ ರಾಜ್ಯ ಬದಲಾದದ್ದು ನೆನಪಿಲ್ಲ. ಗಂಜಿ ಕೇಂದ್ರ ನೆನಪಿದೆ. ಸಾಲು, ಕೈಯಲ್ಲಿ ಜರ್ಮನ್ ತಟ್ಟೆ, ಮುಂದಿನವನ ಬೆನ್ನು. ಒಂದು ಸೌಟು ತೆಳ್ಳನೆಯ ಗಂಜಿ. ಹಸಿದವರು ಗಟಗಟ ಕುಡಿದು ಅಲ್ಲೇ ಹೊಟ್ಟೆ ಹಿಡಿದುಕೊಂಡು ಬೀಳುತ್ತಿದ್ದರಂತೆ, ಅದಕ್ಕೆ ಹಂಚುವವನು ‘ನಿಧಾನ, ನಿಧಾನ’ ಎಂದು ಕೂಗುತ್ತಿದ್ದನಂತೆ. ಅವ್ವನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು ಅದಕ್ಕಿಂತ ಹಿಂದಿನ ದೊಡ್ಡ ಬರದ ಕತೆ, 1876ರಿಂದ 78. ಬಳ್ಳಾರಿ ಜಿಲ್ಲೆ ಹೆಣಗಳ ಬೀಡಾದ ಕಾಲ. ಆಗ ರಿಚರ್ಡ್ ಟೆಂಪಲ್ ಎಂಬ ದೊರೆ, ಕಲ್ಲು ಒಡೆಯುವ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೊಂದು ಆಣೆ ಸಾಕು ಎಂದು ಲೆಕ್ಕ ಹಾಕಿಕೊಟ್ಟ. ಪೌಂಡು ಅಂದರೆ ಅರ್ಧ ಕೆ.ಜಿ.ಯೂ ಅಲ್ಲ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್, ಇಷ್ಟರಲ್ಲಿ ಜನ ಸಾಯುತ್ತಾರೆ ಎಂದು ಜಗಳ ತೆಗೆದ. ನಮ್ಮ ಹೊಟ್ಟೆಯ ಅಳತೆಯನ್ನು ಬೇರೆಯವರು ಕಾಗದದ ಮೇಲೆ ಬರೆಯುವುದು ನಮಗೆ ಹೊಸದಲ್ಲ.

ಈಗಲೂ ಅದೇನೂ ಮುಗಿದ ಕತೆಯಲ್ಲ. ನಮ್ಮ ಕಡೆ ‘ಸುಗ್ಗಿಗೆ ಹೋದರು’ ಅಂದರೆ ಹಬ್ಬವಲ್ಲ, ಮನೆಗೆ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋದರು ಅಂತ ಅರ್ಥ. ಕೌತಾಳಂ, ಕೋಸಿಗಿಯಿಂದ ಲಾರಿ ತುಂಬಿ ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ನನ್ನ ಕ್ಲಾಸಿನಲ್ಲಿ ಹಾಜರಿ ಅರ್ಧಕ್ಕೆ ಇಳಿಯುತ್ತದೆ. ಖಾಲಿ ಬೆಂಚುಗಳ ಮುಂದೆ 122 ಕೆ.ಜಿ.ಯ ಮೇಷ್ಟ್ರು ನಿಂತು ಭಿನ್ನರಾಶಿ ಹೇಳಿಕೊಡುವಾಗ, ತೂಕದ ಬಗ್ಗೆ ನಾಚಿಕೆ ಅನ್ನಿಸುವುದು ಕನ್ನಡಿಯ ಮುಂದೆ ಅಲ್ಲ, ಅಲ್ಲಿ.

ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದೆವು, ನಾನು, ಹೆಂಡತಿ. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ‘ಕೊಯ್ಯೋನ ಮುಖ ನೋಡ್ಬೇಕು ನಾನು’ ಅಂದಳು. ಸರ್ಜನ್ ಮೂವತ್ತೆಂಟು ನಲವತ್ತರ ಆಸಾಮಿ, ತಾಳ್ಮೆಯವರು. ಬಿಳಿ ಹಾಳೆಯ ಮೇಲೆ ಜಠರದ ಚಿತ್ರ ಬರೆದರು, ನೀರು ತುಂಬುವ ತಿತ್ತಿಯ ಹಾಗೆ. ಅದರ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದು, ಹೊರಗಿನ ದೊಡ್ಡ ಪಾಲಿಗೆ ಅಡ್ಡಗೆರೆ ಹೊಡೆದರು. ನೂರಕ್ಕೆ ಎಪ್ಪತ್ತೈದು ಎಂಬತ್ತು ಭಾಗ ಹೋಗುತ್ತದೆ. ಉಳಿಯುವುದು ಬಾಳೆಹಣ್ಣಿನ ಗಾತ್ರದ ಕೊಳವೆ. ಅಂಗಿಯ ತೋಳಿನ ಹಾಗೆ ಇರುವುದಕ್ಕೆ ಸ್ಲೀವ್ ಅನ್ನುತ್ತಾರೆ. ಹೊಟ್ಟೆ ಸೀಳುವುದಿಲ್ಲ, ನಾಲ್ಕೈದು ತೂತು ಹಾಕಿ ದುರ್ಬೀನಿನಲ್ಲಿ ನೋಡುತ್ತ ಮಾಡುವುದು, ಕತ್ತರಿಸಿದ ಅಂಚಿಗೆ ಸಣ್ಣ ಪಿನ್ನುಗಳ ಸಾಲು. ತೆಗೆದುಬಿಡುವ ಭಾಗದಲ್ಲೇ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದರಿಂದ ಹಸಿವೂ ಇಳಿಯುತ್ತದೆ. ಇನ್ನೊಂದು ಬಗೆ ಬೈಪಾಸು, ಜಠರವನ್ನು ಚಿಕ್ಕ ಚೀಲ ಮಾಡಿ ಸಣ್ಣ ಕರುಳಿನಲ್ಲಿ ಇನ್ನಷ್ಟು ಕೆಳಗೆ ಜೋಡಿಸುವುದು. ಅದರ ಮೂಲ 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಮೇಸನ್ ಎಂಬ ಸರ್ಜನ್ ಮಾಡಿದ ಆಪರೇಷನ್. ಹೊಟ್ಟೆಹುಣ್ಣಿಗೆಂದು ಜಠರ ಕತ್ತರಿಸಿಕೊಂಡವರು ಆಮೇಲೆ ಮೈ ತುಂಬಿಕೊಳ್ಳುವುದೇ ಇಲ್ಲ ಎಂಬುದನ್ನು ನೋಡಿ ಹೊಳೆದದ್ದಂತೆ.

ಕೆಟ್ಟದ್ದನ್ನೂ ಮುಚ್ಚಿಡಲಿಲ್ಲ. ಪಿನ್ನಿನ ಸಾಲು ಸೋರಬಹುದು, ರಕ್ತ ಹೋಗಬಹುದು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದಕ್ಕೇ ಅದೇ ದಿನ ಎಬ್ಬಿಸಿ ನಡೆಸುತ್ತಾರೆ. ಸ್ಲೀವ್ ಆದವರಿಗೆ ಎದೆಯುರಿ ಬರಬಹುದು. ಮೂರು ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ (ನನಗೆ ಅದರ ಚಿಂತೆ ಹತ್ತು ವರ್ಷದ ಹಿಂದೆಯೇ ಮುಗಿದಿದೆ). ಪಿತ್ತಕೋಶದಲ್ಲಿ ಕಲ್ಲಾಗಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಸಾಯುವ ತನಕ. ಚರ್ಮ ಜೋತು ಬೀಳುತ್ತದೆ. ನಾಲಿಗೆ ಬಿಗಿ ಇಲ್ಲದಿದ್ದರೆ ಕೆಲವು ವರ್ಷಕ್ಕೆ ತೂಕ ಮತ್ತೆ ಏರುತ್ತದೆ. ಸಾವು? ಸಾವಿರಕ್ಕೆ ಒಂದೋ ಎರಡೋ, ಪಿತ್ತಕೋಶ ತೆಗೆಯುವ ಆಪರೇಷನ್ನಿನಷ್ಟೇ ಹೆಚ್ಚುಕಡಿಮೆ, ಅಂದರು. ದುಡ್ಡಿನ ಮಾತಿಗೆ ಬಂದರೆ ಮೂರೂವರೆ ಲಕ್ಷ. ವಿಮೆಯವರು ಬಿ.ಎಂ.ಐ. 40 ದಾಟಿದ್ದರೆ, ಅಥವಾ 35 ದಾಟಿ ಹತೋಟಿಗೆ ಬಾರದ ಸಕ್ಕರೆ, ಹೃದಯರೋಗ, ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಇಂಥವಿದ್ದರೆ ಕೊಡಬೇಕೆಂದು ನಿಯಮವಿದೆ, ಬೇರೆಲ್ಲ ದಾರಿ ನೋಡಿಯಾಗಿದೆ ಎಂದು ಕಾಗದ ತೋರಿಸಬೇಕು. ಕಾಲುವೆ ದಂಡೆಯ ನಾಯಿಗಳನ್ನು ಸಾಕ್ಷಿಗೆ ಕರೆಯಲೇ ಎಂದು ಕೇಳಬೇಕೆಂದುಕೊಂಡೆ.

ಅವ್ವ ಅಷ್ಟು ಹೊತ್ತೂ ಸುಮ್ಮನಿದ್ದಳು. ಕೊನೆಗೆ, ‘ಆಮ್ಯಾಲೆ ನನ್ನ ಮಗ ಒಪ್ಪತ್ತಿಗೆ ಎಷ್ಟು ಉಣ್ತಾನ್ರೀ?’ ಅಂದಳು. ಡಾಕ್ಟರು ಮೇಜಿನ ಮೇಲಿದ್ದ ಕಾಫಿ ಕಪ್ಪು ಎತ್ತಿ ತೋರಿಸಿದರು. ‘ಮೊದಮೊದಲು ಇದರಲ್ಲಿ ಮುಕ್ಕಾಲು, ಅಮ್ಮಾ.’ ಅವ್ವ ಕಪ್ಪನ್ನು ಕೈಗೆ ತೆಗೆದುಕೊಂಡು ಒಳಗೆ ಇಣುಕಿದಳು. ಬೇರೇನೂ ಕೇಳಲಿಲ್ಲ.

ಪಥ್ಯದ ಹುಡುಗಿ ಪಟ್ಟಿ ಕೊಟ್ಟಳು. ಆಪರೇಷನ್ನಿಗೆ ಎರಡು ವಾರ ಮೊದಲಿನಿಂದ ಕಟ್ಟುನಿಟ್ಟು, ಲಿವರು ಸಣ್ಣದಾಗಲಿ ಅಂತ. ಆದ ಮೇಲೆ ಎರಡು ವಾರ ಬರೀ ನೀರಾಗಿರುವುದು: ಬೇಳೆಕಟ್ಟು, ಮಜ್ಜಿಗೆ, ಸೋಸಿದ ಗಂಜಿ. ಗುಟುಕು ಗುಟುಕಾಗಿ. ‘ಗಟಗಟ ಕುಡೀಬಾರ್ದು ಸಾರ್, ನಿಧಾನ, ನಿಧಾನ’ ಅಂದಳು ಹುಡುಗಿ.

ಅವ್ವ ತಟ್ಟನೆ ಅವಳ ಮುಖ ನೋಡಿದಳು. ಹೊರಗೆ ಬಂದ ಮೇಲೆ ನನಗೆ ಅಂದಳು: ‘ಬಿಟ್ಟಿ ಕೊಟ್ಟಾಗ ನಾಚಿಕಿ ಪಟ್ಟು ಕುಡ್ದ ಗಂಜೀನ ನೀನು ಮೂರೂವರೆ ಲಕ್ಷ ಕೊಟ್ಟು ಕುಡೀತೀಯೇನೋ ಲೇ?’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ರಾತ್ರಿ ರೈಲಿನಲ್ಲಿ ಬರುವಾಗ ನನಗೆ ಧೈರ್ಯ ಪೂರ್ತಿ ಕುಸಿದಿತ್ತು. ಕೆಳಗಿನ ಬರ್ತಿನಲ್ಲಿ ಕೂತು, ಬಿಡೋಣ, ಇದ್ದಷ್ಟು ದಿನ ಇರೋಣ, ಅವ್ವನ ಮನಸ್ಸು ನೋಯಿಸಿ ಏನು ಗಳಿಸುವುದಿದೆ ಅಂದೆ. ನನ್ನ ಹೆಂಡತಿ ಈ ಒಂದು ತಿಂಗಳಲ್ಲಿ ಯಾವ ಪಕ್ಷಕ್ಕೂ ಓಟು ಹಾಕಿರಲಿಲ್ಲ. ಕೇಳಿದರೆ ‘ನಿಮ್ಮ ಮೈ, ನಿಮ್ಮ ಇಷ್ಟ’ ಎಂದು ಎದ್ದು ಹೋಗುತ್ತಿದ್ದಳು. ಅವತ್ತು ಅವ್ವ ಮಲಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಅಂದಳು:

‘ರಾತ್ರಿ ನೀವು ಗೊರಕಿ ಹೊಡೀತೀರಿ, ಅದು ಎಲ್ಲರಿಗೂ ಗೊತ್ತು. ನಡುವ ಅದು ನಿಲ್ತೈತಿ. ಉಸಿರೇ ಇರಲ್ಲ. ನಾನು ಒಂದು, ಎರಡು ಅಂತ ಎಣಿಸ್ತೀನಿ. ಹದಿನೈದು, ಹದಿನಾರಕ್ಕೆ ವಾಪಸ್ ಬರ್ತೈತಿ ದಿನಾ. ಹೋದ ಅಮಾಸಿ ದಿನ ಮೂವತ್ತೊಂದು ಎಣಿಸಿದೆ. ಇಪ್ಪತ್ತೈದಕ್ಕೆ ನಿಮ್ಮನ್ನ ತಳ್ಳಿದ್ದೆ, ಏಳ್ಲಿಲ್ಲ.’

ಎಷ್ಟು ದಿನದಿಂದ ಎಣಿಸುತ್ತಿದ್ದೀ ಅಂದೆ. ‘ನಾಕು ವರ್ಷ’ ಅಂದಳು. ನಾನು ಗಣಿತದ ಮೇಷ್ಟ್ರು, ಪಕ್ಕದಲ್ಲಿ ನಾಲ್ಕು ವರ್ಷದಿಂದ ನಡೆಯುತ್ತಿದ್ದ ಎಣಿಕೆ ನನಗೆ ಗೊತ್ತಿರಲಿಲ್ಲ. ಎದುರಿನ ಬರ್ತಿನಲ್ಲಿ ಅವ್ವ ಮಗ್ಗುಲು ಬದಲಿಸಿದಳು. ಅವಳು ನಿದ್ದೆ ಮಾಡಿರಲಿಲ್ಲ ಎಂದು ಆಗ ತಿಳಿಯಿತು.

ಆಸ್ಪತ್ರೆಯವರು ಹೇಳಿದ ತಾರೀಕು ಧನುರ್ಮಾಸದಲ್ಲಿ ಬರುತ್ತದೆಂದು ಮಾವ ಪಂಚಾಂಗ ಹಿಡಿದುಕೊಂಡು ಬಂದ. ಸಂಕ್ರಾಂತಿ ಕಳೆದು, ರಥಸಪ್ತಮಿಯೂ ಆಗಲಿ ಎಂದು ತೀರ್ಮಾನವಾಯಿತು. ಆಪರೇಷನ್ ಬೇಡ ಅನ್ನುತ್ತಿದ್ದವನು ಈಗ ಒಳ್ಳೆಯ ಮುಹೂರ್ತ ಹುಡುಕುತ್ತಿದ್ದ. ನಾನು ಅದನ್ನು ಎತ್ತಿ ಆಡಲಿಲ್ಲ. ವಿಮೆಯ ಕಾಗದ ಕಳಿಸಿದೆ. ರಜೆ ಅರ್ಜಿಯಲ್ಲಿ ಕಾರಣ ಏನು ಬರೆಯುವುದೆಂದು ಹೆಡ್‌ಮಾಸ್ಟರು ಕೇಳಿದಾಗ ‘ಹೊಟ್ಟೆಪಾಡು’ ಅಂದೆ, ಅವರು ನಗಲಿಲ್ಲ.

ಮೊನ್ನೆ ಶಾಲೆಯಿಂದ ಬಂದಾಗ ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಯಲ್ಲಿ ಗಂಜಿ ಕಾಸಿದ್ದು ನೋಡಿಲ್ಲ. ಜ್ವರ ಬಂದರೂ ಅವ್ವ ಮೆತ್ತನ್ನ ಅನ್ನ ಮಾಡಿಯಾಳು, ಗಂಜಿ ಮಾಡಳು. ಜೋಳದ ನುಚ್ಚನ್ನು ತೆಳ್ಳಗೆ ಬೇಯಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದಳು. ಮಗ್ಗುಲಲ್ಲಿ ಚಿಕ್ಕ ಸ್ಟೀಲ್ ಲೋಟ, ನನ್ನ ಮಗಳು ಕೂಸಾಗಿದ್ದಾಗ ಹಾಲು ಕುಡಿಯುತ್ತಿದ್ದದ್ದು. ಅದಕ್ಕೆ ಬಗ್ಗಿಸಿ, ಮುಕ್ಕಾಲಿಗೆ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿದಳು. ನಾನು ಬಾಗಿಲಲ್ಲಿ ನಿಂತದ್ದು ಕಂಡು, ಲೋಟ ಕೆಳಗಿಡದೆ ಕೇಳಿದಳು:

‘ಉಪ್ಪು ಹಾಕ್ಬೇಕೋ ಬ್ಯಾಡೋ, ಆ ಹುಡುಗಿಗೆ ಒಂದು ಫೋನ್ ಹಚ್ಚು.’